ಮೈನೆಸ್ ನಕ್ಕ ದಿನ

ಆ ವಿಡಿಯೊ ನೋಡಿದವರೆಲ್ಲ ಮೈನೆಸ್ ಜೆರೆಯ ಬಗ್ಗೆ ತೀರ್ಪು ಕೊಟ್ಟು ಮುಗಿಸಿದ್ದಾರೆ. ನಮ್ಮ ರಾಜಧಾನಿ ಲುಸಾಕಾದ ಮಿನಿಬಸ್ಸುಗಳಲ್ಲಿ, ಸಲೂನುಗಳಲ್ಲಿ, ಚರ್ಚಿನ ಅಂಗಳದಲ್ಲಿ 'ಸತ್ತ ಮೇಷ್ಟ್ರ ಶವಪೆಟ್ಟಿಗೆ ಮೇಲೆ ಕೂತು ನಕ್ಕವಳು' ಎಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಅರೆ ನಿಮಿಷದ ಚಿತ್ರ ನೋಡಿ ಒಬ್ಬಳ ಜನ್ಮ ಜಾಲಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಆ ಸಾವಿನ ಮನೆಯಲ್ಲಿದ್ದೆ. ಆಮೇಲೆ ನಡೆದ ವಿಚಾರಣೆಯ ಕೋಣೆಯಲ್ಲೂ ಇದ್ದೆ. ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ. ಈಗ ಹೇಳಬಹುದು ಎಂದು ಮೇಷ್ಟ್ರ ಮನೆಯವರೇ ಹೇಳಿದ್ದಾರೆ. ಹೆಸರುಗಳನ್ನು ಬದಲಿಸಿದ್ದೇನೆ, ಅಷ್ಟೆ.

ನನ್ನನ್ನು ಎಲ್ಲರೂ ಬಿನಾ ಮುತಿಂತಾ ಅನ್ನುತ್ತಾರೆ, ಅಂದರೆ ಮುತಿಂತಾಳ ತಾಯಿ. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಅಧ್ಯಯನ ವಿಭಾಗದ ಕಚೇರಿಯಲ್ಲಿ ಟೈಪು ಮಾಡುತ್ತ, ಬೀಗ ತೆಗೆಯುತ್ತ, ಅಳುವ ಹುಡುಗಿಯರಿಗೆ ಚಹಾ ಕೊಡುತ್ತ ತಲೆ ಹಣ್ಣು ಮಾಡಿಕೊಂಡವಳು. ಮೈನೆಸ್ ನಮ್ಮಲ್ಲಿಗೆ ಬಂದಾಗ ಹತ್ತೊಂಬತ್ತರ ಹುಡುಗಿ, ಕಡ್ಡಿಯಂತಿದ್ದಳು. ಚಿಪಾಟಾದ ಆಚೆ ಹಳ್ಳಿ, ಮಲಾವಿಯ ಗಡಿ ಅಲ್ಲಿಂದ ಸೈಕಲ್ಲಿನ ದಾರಿ. ಅವರ ಊರಿನವರು ಬೆಳಿಗ್ಗೆ ಒಂದು ದೇಶದಲ್ಲಿ ಜೋಳ ಬೀಸಿ, ಸಂಜೆ ಇನ್ನೊಂದು ದೇಶದಲ್ಲಿ ಮದುವೆ ಉಣ್ಣುವವರು. ಗಡಿ ಯಾರು ಎಳೆದರು, ಯಾಕೆ ಎಳೆದರು ಎಂದು ತಿಳಿಯಲೇಬೇಕೆಂಬ ಹಟ ಅವಳಿಗೆ ಅಲ್ಲೇ ಹುಟ್ಟಿತಂತೆ. ತಂದೆ ತೀರಿಕೊಂಡಿದ್ದ. ಲುಸಾಕಾದಲ್ಲಿ ಕಲಿಂಗಲಿಂಗ ಎಂಬ ಕೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಚಿಕ್ಕಮ್ಮ ರಸ್ತೆ ಬದಿ ಒಲೆ ಹೂಡಿ ಸಿಹಿ ಬೋಂಡ ಕರಿದು ಮಾರುವವಳು, ಬಾಯಿ ಮಾತ್ರ ಬಾಣಲೆಗಿಂತ ಬಿಸಿ.

ನಾನು ಬೋಂಡ ಕೊಳ್ಳಲು ಹೋದಾಗಲೆಲ್ಲ ಅವಳದು ಒಂದೇ ಪ್ರಶ್ನೆ. "ನರ್ಸ್ ಓದಿದ್ರೆ ಸೂಜಿ ಹಿಡೀತಾಳೆ, ಟೀಚರ್ ಓದಿದ್ರೆ ಸೀಮೆಸುಣ್ಣ ಹಿಡೀತಾಳೆ. ಇದನ್ನ ಓದಿ ನಮ್ಮ ಹುಡುಗಿ ಏನು ಹಿಡೀತಾಳೆ ಬಿನಾ ಮುತಿಂತಾ?"

"ಬೇರೆ ದೇಶದೋರ ಜತೆ ಹೆಂಗೆ ಮಾತಾಡ್ಬೇಕು ಅಂತ ಕಲೀತಾಳೆ."

"ಅಯ್ಯೋ ದೇವ್ರೇ! ಪಕ್ಕದ್ಮನೆಯೋಳ ಜತೆ ಜಗಳ ಆಡ್ದೆ ಇರೋದು ಕಲಿಯಕ್ಕೆ ನಾಕು ವರ್ಷನಾ? ನಮ್ಮ ಬೀದಿ ನಲ್ಲಿ ಹತ್ರ ಒಂದು ವಾರ ನಿಂತ್ರೆ ಸಾಕಾಗಿತ್ತು."

ಆಡಿಕೊಳ್ಳುತ್ತಿದ್ದಳೇ ಹೊರತು ಬೀದಿಯವರಿಗೆಲ್ಲ 'ನಮ್ಮ ರಾಯಭಾರಿ' ಎಂದೇ ಅವಳನ್ನು ಪರಿಚಯ ಮಾಡಿಸುತ್ತಿದ್ದಳು. ಕರೆಂಟು ಹೋದ ಸಂಜೆ ಇಡೀ ಬೀದಿಯಲ್ಲಿ ಒಂದು ಮೇಣದ ಬತ್ತಿ ಉರಿಯುತ್ತಿದ್ದರೆ ಅದು ಮೈನೆಸ್‌ಳ ಪುಸ್ತಕದ ಪಕ್ಕದಲ್ಲಿ.

ಮೊದಲ ವರ್ಷದ ಮೊದಲ ತರಗತಿ ಡಾಕ್ಟರ್ ಕಪಾಂಬ್ವೆಯವರದು. ಹಾಜರಿ ಕಾಗದ ಕೊಡಲು ಹೋದವಳು ಬಾಗಿಲಲ್ಲೇ ನಿಂತು ನೋಡಿದೆ. ಎತ್ತರದ ಆಳು, ಬೇಸಿಗೆಯಲ್ಲೂ ಬೂದು ಕೋಟು, ಮೂಗಿನ ತುದಿಯಲ್ಲಿ ಕನ್ನಡಕ. ಹೆಸರು ಕೂಗುತ್ತ ಬಂದವರು ತಡೆದು ನಿಂತರು.

"ಜೆರೆ? ಅಂದ್ರೆ ನ್ಗೋನಿ! ಯಾರ್ರೀ ಈ ಇಲಿ ತಿನ್ನೋ ಜನಾನ ವಿಶ್ವವಿದ್ಯಾಲಯದೊಳಗೆ ಬಿಟ್ಟೋರು? ನೀನು ಹಿಂದೆ ಹೋಗಿ ಕೂತ್ಕೊಳಮ್ಮ, ಗೋದಾಮಿನ ಹತ್ರ. ಊಟದ ಹೊತ್ತಿಗೆ ಅನುಕೂಲ ಆಗುತ್ತೆ."

ಹೊಸ ಮಕ್ಕಳು ಉಸಿರು ಹಿಡಿದು ಕೂತವು. ಮೈನೆಸ್ ಎದ್ದು ನಿಂತು, ಎರಡು ಕೈ ಮುಂದೆ ಕಟ್ಟಿಕೊಂಡು, ಬಹಳ ವಿನಯದಿಂದ ಕೇಳಿದಳು. "ಸರ್, ಕಪಾಂಬ್ವೆ ಅಂದ್ರೆ ಬೆಂಬಾ ಅಲ್ವಾ? ಅದಕ್ಕೇ ಕಿಟಕಿ ಪಕ್ಕ ನಿಂತಿದೀರ. ಹೊರಗಡೆ ಮಾವಿನ ಮರದಲ್ಲಿ ನಿಮ್ಮ ಮಧ್ಯಾಹ್ನದ ಊಟ ಕೊಂಬೆಯಿಂದ ಕೊಂಬೆಗೆ ಹಾರ್ತಿದೆ ಸರ್."

ಬೆಂಬಾಗಳು ಕೋತಿ ತಿನ್ನುವವರು ಎಂದು ನ್ಗೋನಿಗಳ ಗೇಲಿ. ನ್ಗೋನಿಗಳು ಇಲಿ ತಿನ್ನುವವರು ಎಂದು ಬೆಂಬಾಗಳದು. ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಈ ಎರಡು ಜನ ಈಟಿ ಹಿಡಿದು ಒಬ್ಬರನ್ನೊಬ್ಬರು ತಿವಿದುಕೊಂಡವರು. ಅದು ಮುಗಿದ ಮೇಲೆ ಗೇಲಿನೆಂಟರಾದರು. ಏನು ಬೈದರೂ ಮುನಿಯುವಂತಿಲ್ಲ, ಏನು ಕಸಿದುಕೊಂಡರೂ ಪೊಲೀಸರಿಗೆ ಹೇಳುವಂತಿಲ್ಲ. ತೋಂಗರಾದ ನಮಗೆ ಲೋಜಿಗಳು ಹಾಗೆಯೇ. ನಮ್ಮ ಡೀನ್ ಪ್ರೊಫೆಸರ್ ಸಿತಾಲಿ ಲೋಜಿ, ಅವರ ಟೈನಲ್ಲಿ ನಾನು ಮೂಗು ಒರೆಸುವಂತೆ ನಟಿಸಿದರೂ ಅವರು ನಗಲೇಬೇಕು. ಕುಶಾಲೆಂದರೆ ಕುಶಾಲು, ಆದರೆ ಸಾವಿನ ಮನೆಯಲ್ಲಿ ಅದು ಕೆಲಸ. ಮನೆಯವರು ಅತ್ತು ಸುಸ್ತಾದಾಗ ಗೇಲಿನೆಂಟರು ಬಂದು ಸತ್ತವನ ಅಂಗಿ ತೊಟ್ಟು, ಅವನಂತೆ ನಡೆದು, ಅವನ ಸಾಲ ಸೋಲ ಆಡಿಕೊಂಡು, ಗೋರಿಗೆ ಅಡ್ಡ ಕೂತು ಎಲ್ಲರನ್ನೂ ನಗಿಸಬೇಕು. ಯಾರೂ ನಗದೆ ಮಣ್ಣಾದವನು ಅನಾಥ ಎಂದೇ ಲೆಕ್ಕ. ಮೈನೆಸ್‌ಳ ತಂದೆ ಮಳೆಗಾಲದಲ್ಲಿ ಸತ್ತ; ದಾರಿ ಕಟ್ಟಿತ್ತು, ಒಬ್ಬ ಬೆಂಬಾ ಕೂಡ ಬರಲಾಗಲಿಲ್ಲ. "ನಮ್ಮಪ್ಪನ್ನ ಸುಮ್ನೆ ಹೂತುಬಿಟ್ವಿ ಅಮ್ಮಾ," ಎಂದು ಒಮ್ಮೆ ನನ್ನ ಹತ್ತಿರ ಹೇಳಿಕೊಂಡು ಕಣ್ಣೊರೆಸಿಕೊಂಡಿದ್ದಳು.

ಆ ಮೊದಲ ದಿನದಿಂದ ನಾಲ್ಕು ವರ್ಷ ಮೇಷ್ಟ್ರು ಶಿಷ್ಯೆ ಇಬ್ಬರದೂ ಇದೇ ಕಥೆ. ಅವಳ ಪ್ರಬಂಧ ವಾಪಸು ಕೊಡುವಾಗ "ಅಂಚು ಯಾಕೆ ಹರಿದಿದೆ, ಹಸಿವಾಗಿತ್ತಾ?" ಎನ್ನುವರು. ಅವಳು ಅವರ ಮೇಜಿನ ಮೇಲೆ ಬಾಳೆಹಣ್ಣು ಇಟ್ಟು ಹೋಗುವಳು. ಆದರೆ ಪಾಠಕ್ಕೆ ನಿಂತರೆ ಆ ಮನುಷ್ಯ ಬೇರೆ. ಒಪ್ಪಂದಗಳು, ಗಡಿಗಳು, ನಿರಾಶ್ರಿತರ ಕಾನೂನು ಅವರ ವಿಷಯ. ಯಾವ ಸಂಧಾನದ ಕಥೆ ಹೇಳಿದರೂ ಕೊನೆಗೆ ಕೇಳುತ್ತಿದ್ದುದು ಒಂದೇ: "ಸಹಿ ಹಾಕಿದೋರು ಯಾರು ಅಂತ ಎಲ್ಲರಿಗೂ ಗೊತ್ತು. ಆ ಕೋಣೇಲಿ ಯಾರು ಇರ್ಲಿಲ್ಲ ಹೇಳಿ. ಬಿಲ್ ಕಟ್ಟೋರು ಅವರು."

ಆ ಮಾತು ಅವಳ ರಕ್ತಕ್ಕೆ ಇಳಿಯಿತು. ತರಗತಿಯಲ್ಲಿ ಅಣಕು ಭದ್ರತಾ ಮಂಡಳಿ ಆಡಿಸಿದಾಗ ಹುಡುಗರೆಲ್ಲ ಅಮೆರಿಕಾ ಬೇಕು, ಚೀನಾ ಬೇಕು ಎಂದು ಕಿತ್ತಾಡಿದರೆ ಇವಳು ಮಲಾವಿ ತೆಗೆದುಕೊಂಡು ಮಾತಿನಲ್ಲಿ ಎಲ್ಲರನ್ನೂ ಸುಸ್ತು ಮಾಡಿದಳು. ಕೊನೆಯ ವರ್ಷದ ಸಂಶೋಧನೆಗೆ ಗೇಲಿನೆಂಟಸ್ತಿಕೆಯನ್ನೇ ಆರಿಸಿಕೊಂಡಳು. ಯುದ್ಧ ಮಾಡಿದ ಎರಡು ಜನ ಕಾಗದವಿಲ್ಲದೆ ಹೇಗೆ ರಾಜಿಯಾದರು, ದೇಶ ದೇಶಗಳ ನಡುವೆ ಇದು ಯಾಕೆ ಆಗುವುದಿಲ್ಲ ಎಂದು. ಡಾಕ್ಟರ್ ಕಪಾಂಬ್ವೆ ಮಾರ್ಗದರ್ಶಕರು. ಅವಳ ಬರಹ ಓದುತ್ತ ಅವರು ಒಮ್ಮೊಮ್ಮೆ ಕನ್ನಡಕ ತೆಗೆದು ಸುಮ್ಮನೆ ಕೂರುತ್ತಿದ್ದುದನ್ನು ನಾನು ಕಂಡಿದ್ದೆ. ವಯಸ್ಸಾಯಿತು, ಕಣ್ಣು ನೋಯುತ್ತದೆ ಅಂದುಕೊಂಡೆ.

ಕೊನೆಯ ಪರೀಕ್ಷೆಯೂ ಮುಗಿಯಿತು. ವಿದೇಶಾಂಗ ಇಲಾಖೆ ಆ ವರ್ಷ ಕೆಲವೇ ಕೆಲವರನ್ನು ತರಬೇತಿಗೆ ತೆಗೆದುಕೊಂಡಿತ್ತು. ಅದರಲ್ಲಿ ಮೈನೆಸ್ ಒಬ್ಬಳು. ಪದವಿ ಪತ್ರ ಒಂದನ್ನು ತಂದು ತೋರಿಸಿದರೆ ಕೆಲಸ ಅವಳದು. ಚಿಕ್ಕಮ್ಮ ಘಟಿಕೋತ್ಸವಕ್ಕೆಂದು ಚಿತೆಂಗೆ ಬಟ್ಟೆ ಹೊಲಿಸಿ ಬೀದಿಗೆಲ್ಲ ತೋರಿಸಿಯಾಗಿತ್ತು. ಫಲಿತಾಂಶದ ಪಟ್ಟಿ ಡೀನರ ಸಹಿಗೆ ಕಾಯುತ್ತಿದ್ದಾಗಲೇ ಡಾಕ್ಟರ್ ಕಪಾಂಬ್ವೆ ಮನೆಯ ತೋಟದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದವರು ಕುಸಿದುಬಿದ್ದರು. ಹೃದಯ.

ಮಣ್ಣು ಮಾಡುವ ದಿನ ಅವರ ಮನೆ ಕಿಕ್ಕಿರಿದಿತ್ತು. ಗಂಡಸರು ಹೊರಗೆ ಬೆಂಕಿಯ ಸುತ್ತ, ಹೆಂಗಸರು ಒಳಗೆ ನೆಲದ ಮೇಲೆ. ಅವರ ಹೆಂಡತಿ ಬನಾ ಚೋಲಾ, ಅಂದರೆ ಚೋಲಾ ಎಂಬ ಮಗುವಿನ ತಾಯಿ, ಗೋಡೆಗೆ ಒರಗಿ ಕೂತಿದ್ದಳು. ಅವಳು ಹುಟ್ಟು ಬೆಂಬಾ, ಅವಳ ಕಡೆಯವರೇ ಮನೆ ತುಂಬ. ಮೂಲೆಯಲ್ಲಿ ಒಬ್ಬ ಮುದುಕಿ, ಪಕ್ಕದಲ್ಲಿ ಒಬ್ಬ ಮಧ್ಯವಯಸ್ಸಿನವನು. ವಾಯವ್ಯ ಪ್ರಾಂತ್ಯದಿಂದ ಬಂದ ದೂರದ ಸಂಬಂಧ ಎಂದರು. ಆ ಮುದುಕಿ ಯಾರ ಜತೆಯೂ ಮಾತಾಡಲಿಲ್ಲ, ನಮ್ಮ ಭಾಷೆ ಅವಳಿಗೆ ಬರುತ್ತಿರಲಿಲ್ಲ.

ಬನಾ ಚೋಲಾಳ ದೊಡ್ಡಮ್ಮ ಎದ್ದು ನಿಂತು ಸೊಂಟಕ್ಕೆ ಕೈ ಕೊಟ್ಟಳು. "ಏನ್ರೀ ಇದು, ಈ ಮನೆಗೆ ನ್ಗೋನಿಗಳೇ ಇಲ್ವಾ? ಇಲಿ ಹಿಡಿಯಕ್ಕೆ ಹೋಗಿದಾರಾ ಎಲ್ಲಾ? ನಮ್ಮ ಅಳಿಯನ್ನ ಹಿಂಗೇ ಬರೀ ಅತ್ತು ಕಳಿಸೋದಾ?"

ಬನಾ ಚೋಲಾ ತಲೆ ಎತ್ತಿ ಏನೋ ಹೇಳಲು ಹೋದಳು, ಹೇಳಲಿಲ್ಲ. ಆಗಲೇ ಮೈನೆಸ್ ಒಳಗೆ ಬಂದಳು. ಗೂಟದಲ್ಲಿ ನೇತಾಡುತ್ತಿದ್ದ ಬೂದು ಕೋಟು ಹಾಕಿಕೊಂಡಳು. ಮೊಳಕಾಲು ಮುಟ್ಟುತ್ತಿತ್ತು. ಮೂಗಿನ ತುದಿಗೆ ಕನ್ನಡಕ ಸಿಕ್ಕಿಸಿ, ಪೆಟ್ಟಿಗೆಯ ಮುಂದೆ ನಿಂತು ಥೇಟ್ ಅವರ ದನಿಯಲ್ಲೇ ಶುರು ಮಾಡಿದಳು. "ತಡವಾಗಿ ಬಂದೋರಿಗೆ ಹಾಜರಿ ಇಲ್ಲ. ಬೇಗ ಹೋದೋರಿಗೂ ಇಲ್ಲ. ಕಪಾಂಬ್ವೆ! ಎಲ್ಲಿಗೆ ಹೊರಟ್ರಿ ತರಗತಿ ಮಧ್ಯದಲ್ಲಿ?" ಹೆಂಗಸರು ಅಳುತ್ತಳುತ್ತಲೇ ನಕ್ಕರು. ಅವಳು ಪೆಟ್ಟಿಗೆಯ ಮೇಲೆ ಏರಿ ಕೂತು ಕಾಲು ಅಲ್ಲಾಡಿಸಿದಳು. "ಈ ಕೋತಿ ತಿನ್ನೋನು ನನ್ನ ಕೊನೇ ಅಧ್ಯಾಯ ಇನ್ನೂ ಓದಿಲ್ಲ. ಓದೋವರ್ಗೂ ಬಿಡಲ್ಲ. ಹೊಟ್ಟೆ ತುಂಬ ತಿಂದು ನಿದ್ದೆ ಬಂತಾ ಮುದುಕಪ್ಪಾ?" ನಗುತ್ತಿದ್ದವಳ ಗಲ್ಲದ ಮೇಲೆ ನೀರು ಹರಿಯುತ್ತಿತ್ತು. ವಿಡಿಯೊದಲ್ಲಿ ಅದು ಕಾಣುವುದಿಲ್ಲ. ಯಾರೋ ಪುಣ್ಯಾತ್ಮ ಹಿಂದಿನಿಂದ ಹಿಡಿದದ್ದು.

ಮೂಲೆಯ ಮುದುಕಿ ಯಾವಾಗ ಎದ್ದಳೋ ಗೊತ್ತಿಲ್ಲ. ಒಂದೇ ಏಟಿಗೆ ಬಂದು ಮೈನೆಸ್‌ಳನ್ನು ಕೋಟಿನ ಕಾಲರು ಹಿಡಿದು ಕೆಳಗೆಳೆದಳು. ಕೂಗಿದಳು, ಪರಚಿದಳು, ಕೋಟನ್ನು ಅವಳ ಮೈಯಿಂದ ಬಿಚ್ಚಿ ಎದೆಗೊತ್ತಿಕೊಂಡು ನೆಲಕ್ಕೆ ಬಿದ್ದಳು. ಜತೆಗೆ ಬಂದಿದ್ದ ಗಂಡಸು, ಚಿನ್ಯಾಮ ಎಂದು ಅವನ ಹೆಸರು, ನಮ್ಮ ಭಾಷೆಯಲ್ಲಿ ಹೇಳಿದ. "ಇವಳು ಅವನ ಹೆತ್ತ ತಾಯಿ. ನಾನು ಅವನ ತಮ್ಮ. ನಾವು ಬೆಂಬಾ ಅಲ್ಲ, ಚೋಕ್ವೆ. ಅಂಗೋಲಾದೋರು. ನಮ್ಮ ಜನದಲ್ಲಿ ಹೆಣದ ಮುಂದೆ ನಗೋರು ಯಾರು ಅಂತ ಗೊತ್ತಾ ನಿಮಗೆ? ಕೊಂದೋರು."

ದೊಡ್ಡಮ್ಮ "ಯಾರೋ ಹುಚ್ಚರು, ಹೊರಗೆ ಕಳಿಸ್ರೋ" ಎಂದು ಕೂಗಾಡಿದಳು. ಯಾರೂ ನಂಬಲಿಲ್ಲ. ನಂಬಿದವರು ಇಬ್ಬರೇ, ಬನಾ ಚೋಲಾಳ ಮುಖ ನೋಡಿದ ನಾನು, ಮತ್ತು ಆ ಮುದುಕಿಯ ಮುಖ ನೋಡಿದ ಮೈನೆಸ್.

ವಿಡಿಯೊ ಊರೆಲ್ಲ ಸುತ್ತಿತು. ಮುದುಕಿ ಅನ್ನ ನೀರು ಬಿಟ್ಟಿದ್ದಾಳೆ, ಈ ಹುಡುಗಿಯೇ ಮಾಟ ಮಾಡಿ ಮಗನನ್ನು ಕೊಂದಳೆಂದು ನಂಬಿದ್ದಾಳೆ, ನ್ಯಾಯ ಬೇಕು ಎಂದು ಚಿನ್ಯಾಮ ಡೀನರ ಬಾಗಿಲಿಗೆ ಬಂದು ಕೂತ. ಪತ್ರಿಕೆಯವರೂ ಬಂದರು. ವಿಶ್ವವಿದ್ಯಾಲಯಗಳಿಗೆ ಪತ್ರಿಕೆಯೆಂದರೆ ಹಾವು ಕಂಡಂತೆ. ಮೈನೆಸ್‌ಳ ಫಲಿತಾಂಶ ತಡೆಹಿಡಿದು ಶಿಸ್ತು ಸಮಿತಿ ಮಾಡಿದರು. ಪ್ರೊಫೆಸರ್ ಸಿತಾಲಿಯೇ ಅಧ್ಯಕ್ಷರು. ಅವರು ಕೆಟ್ಟವರಲ್ಲ. ನನ್ನನ್ನು ಕರೆದು ಹೇಳಿದರು. "ನೋಡಿ ಬಿನಾ ಮುತಿಂತಾ, ಕಪಾಂಬ್ವೆ ಬೆಂಬಾ ಆಗಿದ್ರೆ ಹುಡುಗಿ ಮಾಡಿದ್ದು ಸಂಪ್ರದಾಯ, ತಪ್ಪೇ ಇಲ್ಲ. ಅಲ್ದೆ ಹೋದ್ರೂ ಇವಳಿಗೆ ತಿಳೀದೆ ಆದದ್ದು, ಕ್ಷಮೆ ಕೇಳಿದ್ರೆ ಮುಗೀತು. ಅವನು ಯಾರು ಅನ್ನೋದು ಒಂದು ದಾಖಲೆ ಆಗ್ಬೇಕು, ಅಷ್ಟೇ." ಎಷ್ಟು ಸಲೀಸು ಎಂದು ನನಗೂ ಅನ್ನಿಸಿತು.

ವಿಚಾರಣೆಗೆ ಮುಂಚೆ ಒಂದು ಮಧ್ಯಾಹ್ನ ಬನಾ ಚೋಲಾ ಕಪ್ಪು ಬಟ್ಟೆಯಲ್ಲಿ ನನ್ನ ಕಚೇರಿಗೆ ಬಂದಳು. ಮೈನೆಸ್ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಬನಾ ಚೋಲಾ ಬಾಗಿಲು ಹಾಕಿ, ಸುತ್ತುಬಳಸದೆ ಹೇಳಿದಳು. "ಅವರು ಚೋಕ್ವೆನೇ. ಅಂಗೋಲಾದಲ್ಲಿ ಯುದ್ಧ ಆದಾಗ ಅಮ್ಮನ ಬೆನ್ನಿಗೆ ಕಟ್ಕೊಂಡು ಬಂದ ಕೂಸು. ನಿರಾಶ್ರಿತರ ಬೀಡಲ್ಲಿ ಪಾಠ ಮಾಡ್ತಿದ್ದ ಬೆಂಬಾ ಮೇಷ್ಟ್ರು ಒಬ್ರು, ಹುಡುಗ ಚುರುಕು ಅಂತ, ಕಾಪರ್‌ಬೆಲ್ಟಿನ ಗಣಿ ಊರಿಗೆ ಕರ್ಕೊಂಡು ಹೋಗಿ ತನ್ನ ಹೆಸರು ಕೊಟ್ಟು ಓದಿಸಿದ್ರು. ಹುಟ್ಟಿದ್ದು ಬೆಂಬಾ ಸೀಮೆಯ ಕಸಾಮಾ ಅಂತ ಬರೆಸಿದ್ರು. ಅದರ ಮೇಲೇ ಗುರುತು ಚೀಟಿ, ಕೆಲಸ, ಮನೆ ಎಲ್ಲಾ ನಿಂತಿದೆ ಅಕ್ಕಾ. ಈಗ ಸಮಿತಿ ಕಾಗದದಲ್ಲಿ ಅವರು ಅಂಗೋಲಾದೋರು ಅಂತ ಬಂದ್ರೆ, ಇಷ್ಟು ವರ್ಷ ಸರ್ಕಾರಕ್ಕೆ ಸುಳ್ಳು ಹೇಳಿದ ಹಾಗೆ. ಪಿಂಚಣಿ ಹೋಗುತ್ತೆ. ಹೋದ್ರೆ ಹೋಗ್ಲಿ, ಮಕ್ಕಳು ಯಾವ ದೇಶದೋರು ಅಂತ ಕೇಳಿದ್ರೆ ನಾನೇನು ಹೇಳ್ಲಿ? ಚೋಲಾಗೆ ಇನ್ನೂ ಹನ್ನೊಂದು."

ಮೈನೆಸ್ ತಲೆ ತಗ್ಗಿಸಿ ಕೇಳುತ್ತಿದ್ದಳು. "ನನ್ನ ಜತೆ ಯಾಕೆ ಅಷ್ಟೊಂದು ಗೇಲಿ ಮಾಡ್ತಿದ್ರು ಅವರು?"

"ಮನೆಗೆ ಬಂದು ನಿನ್ನ ಮಾತೇ ಹೇಳೋರು. 'ಇವತ್ತು ನನ್ನ ನೆಂಟಳು ಹಿಂಗಂದ್ಲು' ಅಂತ. ಬೆಂಬಾ ಅಂತ ಕಾಗದ ಹೇಳ್ತಿತ್ತು. ನೀನು ಬೈದಾಗ ಮಾತ್ರ ಅದು ನಿಜ ಅನ್ನಿಸೋದಂತೆ ಅವರಿಗೆ."

ಆಮೇಲೆ ಬನಾ ಚೋಲಾ ಬಂದ ಕೆಲಸ ಹೇಳಿದಳು. "ಅವರು ಬೆಂಬಾ, ನೀನು ಗೇಲಿನೆಂಟಳು ಅಂತ ನೀನು ಹೇಳು. ನಾನೂ ಹೇಳ್ತೀನಿ. ಆ ಮುದುಕಿ ಚಿಕ್ಕಂದಿನಲ್ಲಿ ಅವರನ್ನ ನೋಡ್ಕೊಂಡ ದಾದಿ, ಬುದ್ಧಿ ಮಂಕಾಗಿದೆ ಅಂತೀನಿ. ನಿನ್ನ ಪದವಿ ನಿನಗೆ ಸಿಗುತ್ತೆ, ನನ್ನ ಮಕ್ಕಳು ನನಗೆ ಉಳೀತಾರೆ."

"ಅವರಮ್ಮನ ಎದುರಿಗೇ, ನೀನು ಅಮ್ಮ ಅಲ್ಲ ಅಂತ?"

"ಹೂಂ," ಎಂದ ಬನಾ ಚೋಲಾ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. "ಆ ಪಾಪ ನನಗಿರಲಿ."

ಅವಳು ಹೋದ ಮೇಲೆ ನಾನು ಮೈನೆಸ್‌ಗೆ ಕಟುವಾಗಿಯೇ ಹೇಳಿದೆ. "ಬೆಂಬಾ ಅಂದು ಕೈ ತೊಳ್ಕೊಳೇ. ಸತ್ತೋರು ಎದ್ದು ಬಂದು ಸಾಕ್ಷಿ ಹೇಳಲ್ಲ. ಮುದುಕಿ ಇವತ್ತಲ್ಲ ನಾಳೆ ಹೋಗೋ ಜೀವ. ನಿಂದು ಈಗ ಶುರುವಾಗೋ ಜೀವ."

"ಅವರು ಆ ಕೂಸನ್ನ ಬೆನ್ನಿಗೆ ಕಟ್ಕೊಂಡು ಗಡಿ ದಾಟಿದೋರು ಅಮ್ಮಾ."

"ಹಂಗಾದ್ರೆ ನಿಜ ಹೇಳ್ಬಿಡು. ತಿಳೀದೆ ಮಾಡ್ದೆ, ಅವರು ಅಂಗೋಲಾದೋರು ಅಂತ ಗೊತ್ತಿರ್ಲಿಲ್ಲ ಅನ್ನು. ಅದೂ ನಿನ್ನ ಉಳಿಸುತ್ತೆ."

"ಆಗ ಚೋಲಾನ ಗಡಿಯಾಚೆ ನೂಕಿದ ಹಾಗೆ."

"ಎರಡೂ ಬೇಡ ಅಂದ್ರೆ ಮೂರನೇದು ಎಲ್ಲಿದೆ? ನಿನ್ನ ಮೇಷ್ಟ್ರು ಅದೇನೇನು ಪಾಠ ಮಾಡಿದಾರೋ ನನಗೆ ಗೊತ್ತಿಲ್ಲ. ನಿನ್ನ ಚಿಕ್ಕಮ್ಮ ಹೊಗೆಯಲ್ಲಿ ಕಣ್ಣು ಕಳ್ಕೊಂಡು ಓದಿಸಿದ್ದು ಮಾತ್ರ ಗೊತ್ತು." ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಅವಳು ನನ್ನ ಚಹಾದ ಲೋಟ ತೊಳೆದಿಟ್ಟು ಹೊರಟುಹೋದಳು.

ವಿಚಾರಣೆಯ ದಿನ ಉದ್ದ ಮೇಜಿನ ಒಂದು ಕಡೆ ಪ್ರೊಫೆಸರ್ ಸಿತಾಲಿ ಮತ್ತು ಇಬ್ಬರು ಸದಸ್ಯರು, ಎದುರಿಗೆ ಮೈನೆಸ್. ಗೋಡೆ ಪಕ್ಕ ಒಂದು ಕುರ್ಚಿಯಲ್ಲಿ ಬನಾ ಚೋಲಾ, ಮತ್ತೊಂದು ಪಕ್ಕ ಮುದುಕಿ ಮತ್ತು ಚಿನ್ಯಾಮ. ನಡಾವಳಿ ಬರೆಯಲು ನಾನು. ಮುದುಕಿ ಆ ಬೂದು ಕೋಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಕಣ್ಣು ಮೈನೆಸ್‌ಳ ಮೇಲಿಂದ ತೆಗೆಯಲಿಲ್ಲ. ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಲೂ ಇಲ್ಲ.

ಪ್ರೊಫೆಸರ್ ಸಿತಾಲಿ ಶುರು ಮಾಡಿದರು. "ಮೊದಲು ಒಂದು ವಿಷಯ ಇತ್ಯರ್ಥ ಆಗ್ಲಿ. ಬನಾ ಚೋಲಾ, ನಿಮ್ಮ ಯಜಮಾನರು ಯಾವ ಜನ? ಅವರು ಇಲ್ಲಿರೋ ಈ ಅಮ್ಮನ ಮಗನಾ?"

ಚಿನ್ಯಾಮ ತಾಯಿಯ ಕಿವಿಯಲ್ಲಿ ಪ್ರಶ್ನೆಯನ್ನು ಅವಳ ಭಾಷೆಯಲ್ಲಿ ಹೇಳಿದ. ಮುದುಕಿ ಮೊದಲ ಸಲ ಸೊಸೆಯ ಕಡೆ ತಿರುಗಿ ಕಾದಳು.

"ಸರ್," ಮೈನೆಸ್ ಎದ್ದು ನಿಂತಳು. "ಆ ಪ್ರಶ್ನೆ ಕೇಳ್ಬೇಡಿ. ಅದರ ಅಗತ್ಯ ಇಲ್ಲ. ಅವರು ಯಾವ ಜನ ಆಗಿದ್ರೂ ನಾನು ನೆಂಟಸ್ತಿಕೆಗೆ ಅಂತ ಮಾಡಿದ್ದಲ್ಲ. ಸಿಟ್ಟಿಗೆ ಮಾಡ್ದೆ."

"ಏನಂದೆ?"

"ನನ್ನ ಸಂಶೋಧನೆ ಓದದೆ ಸತಾಯಿಸಿದ್ರು. ನನಗೆ ಅವರ ಮೇಲೆ ಹಗೆ ಇತ್ತು. ಸತ್ತದ್ದು ಖುಷಿಯಾಯ್ತು. ಅದಕ್ಕೇ ನಕ್ಕೆ."

ಹಸಿ ಸುಳ್ಳು. ಆ ಸಂಶೋಧನೆಯನ್ನು ಅವರು ಮೂರು ಸಲ ಓದಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಪ್ರೊಫೆಸರ್ ಸಿತಾಲಿ ಲೋಜಿ, ಗೇಲಿ ಯಾವುದು ಹಗೆ ಯಾವುದು ಎಂದು ಹುಟ್ಟಿನಿಂದ ಬಲ್ಲವರು. ಅವರು ಕನ್ನಡಕದ ಮೇಲಿಂದ ಅವಳನ್ನು ಬಹಳ ಹೊತ್ತು ನೋಡಿದರು. "ಮಗೂ, ನೀನು ನ್ಗೋನಿ ಅಂತ ಒಂದು ಮಾತು ಹೇಳಿದ್ರೂ ನಾನು ಕೇಳ್ತೀನಿ. ಈಗ ಹೇಳಿದ್ದು ಕಾಗದಕ್ಕೆ ಹೋದ್ರೆ ನಿನ್ನ ಪದವಿ ಹೋಗುತ್ತೆ, ಗೊತ್ತಾ?"

"ಗೊತ್ತು ಸರ್."

"ನಾಕು ವರ್ಷ."

"ಹೌದು ಸರ್. ಬರ್ಕೊಳಕ್ಕೆ ಹೇಳಿ."

ನಾನು ಬರೆಯಲಿಲ್ಲ. ಎದ್ದು ನಿಂತು ಕೂಗಿಬಿಡೋಣ ಎನ್ನಿಸಿತು, ಬಾಯಿ ತೆರೆದೂ ಇದ್ದೆ. ಮೈನೆಸ್ ನನ್ನ ಕಡೆ ತಿರುಗಿ ಕಣ್ಣಲ್ಲೇ ಬೇಡವೆಂದಳು. ಪಕ್ಕದಲ್ಲಿ ಬನಾ ಚೋಲಾ ಸದ್ದಿಲ್ಲದೆ ಅಳುತ್ತಿದ್ದಳು. "ಬರ್ಕೊಳಿ ಬಿನಾ ಮುತಿಂತಾ," ಎಂದರು ಪ್ರೊಫೆಸರ್ ಸಿತಾಲಿ, ನನ್ನನ್ನು ನೋಡದೆ. ಬರೆದೆ. ಅವಳ ಫಲಿತಾಂಶ ರದ್ದು, ವಿಶ್ವವಿದ್ಯಾಲಯದಿಂದ ಶಾಶ್ವತವಾಗಿ ಹೊರಗೆ. ಸತ್ತವರು ಯಾವ ಜನ ಎಂಬ ಪ್ರಶ್ನೆಗೆ ಸಮಿತಿ ಕೈಹಾಕಲಿಲ್ಲ. ಸದಸ್ಯರಿಬ್ಬರಿಗೂ ನಿರಾಳವಾದದ್ದು ಮುಖದಲ್ಲೇ ಕಾಣುತ್ತಿತ್ತು. ಒಬ್ಬ ಗಡಿಯಾರ ನೋಡಿಕೊಂಡ.

ಅವಳು ಈಗ ಚಿರುಂಡು ಗಡಿಯಲ್ಲಿದ್ದಾಳೆ. ಲಾರಿ ಚಾಲಕರ ಸುಂಕದ ಕಾಗದ ತುಂಬಿಕೊಡುವ ತಗಡಿನ ಅಂಗಡಿಯಲ್ಲಿ ಕೆಲಸ. ಚಿಕ್ಕಮ್ಮ ಮೊದಲ ವರ್ಷ ಅವಳೊಂದಿಗೆ ಮಾತು ಬಿಟ್ಟಿದ್ದಳು, ಹೊಲಿಸಿದ ಬಟ್ಟೆಯನ್ನು ನೆರೆಯವಳಿಗೆ ಕೊಟ್ಟುಬಿಟ್ಟಳು. ಕಾಂಗೋ, ತಾಂಜಾನಿಯಾ, ಜಿಂಬಾಬ್ವೆ ಎಲ್ಲ ಕಡೆಯ ಚಾಲಕರ ಜತೆಯೂ ಅವಳು ಮಾತಾಡುತ್ತಾಳೆ, ಆದರೆ ಯಾರ ಜತೆಯೂ ಗೇಲಿ ಮಾಡುವುದಿಲ್ಲವಂತೆ. ನೋಡಿಬರಲು ಹೋದಾಗ ನಾನು ಬೇಕೆಂದೇ ಕೆಣಕಿದೆ. ನಕ್ಕಳು, ಆದರೆ ಹಳೆಯ ನಗು ಅಲ್ಲ.

ಆ ದಿನ ವಿಚಾರಣೆ ಮುಗಿದು ಹೊರಬಂದಾಗ ಮೊಗಸಾಲೆಯಲ್ಲಿ ಮೈನೆಸ್ ಗೋಡೆ ಹಿಡಿದು ನಿಂತಿದ್ದಳು. ಬನಾ ಚೋಲಾ ತಲೆ ಎತ್ತದೆ ಪಕ್ಕದಿಂದಲೇ ಹಾದುಹೋದಳು. ಹಿಂದೆ ಚಿನ್ಯಾಮ, ಅವನ ತೋಳು ಹಿಡಿದು ಮುದುಕಿ. ಒಳಗೆ ಮೈನೆಸ್ ಹೇಳಿದ್ದನ್ನೆಲ್ಲ ಅವನು ತಾಯಿಗೆ ಹೇಳಿದ್ದ. ಮುದುಕಿ ಮಗನ ತೋಳು ಬಿಟ್ಟು ಮೈನೆಸ್‌ಳ ಎದುರಿಗೆ ಬಂದು ನಿಂತಳು. ಹೊಡೆಯುತ್ತಾಳೆಂದು ನಾನು ನಡುವೆ ಹೋಗಲು ಹೆಜ್ಜೆ ಎತ್ತಿದೆ. ಹೊಡೆಯಲಿಲ್ಲ. ಮೈನೆಸ್‌ಳ ಮುಖಕ್ಕೆ ಮುಖ ತಂದು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಏನೋ ಹೇಳಿದಳು.

"ಏನಂತಾರೆ?" ಮೈನೆಸ್ ಕೇಳಿದಳು.

ಚಿನ್ಯಾಮ ಹಿಂಜರಿದ. "ಬೇಡ ಬಿಡು. ಮಗನ್ನ ಕಳ್ಕೊಂಡೋಳು."

"ಹೇಳಿ, ಪರವಾಗಿಲ್ಲ."

"ಶಾಪ ಹಾಕಿದಾಳೆ. ನೀನು ಸತ್ತ ದಿನ ನಿನ್ನ ಹೆಣದ ಮುಂದೇನೂ ಯಾರಾದ್ರೂ ಹಿಂಗೇ ನಗಲಿ ಅಂದ್ಲು."

ಮೈನೆಸ್ ಅಲ್ಲೇ ಸಿಮೆಂಟಿನ ನೆಲದ ಮೇಲೆ ಮೊಣಕಾಲೂರಿದಳು. ಹಿರಿಯರಿಂದ ಏನಾದರೂ ಪಡೆದುಕೊಳ್ಳುವಾಗ ನಮ್ಮ ಹೆಣ್ಣುಮಕ್ಕಳು ಮಾಡುವಂತೆ ಎರಡು ಅಂಗೈ ಬೊಗಸೆ ಮಾಡಿ ಮೆಲ್ಲಗೆ ತಟ್ಟಿದಳು, ಮತ್ತೆ ಮತ್ತೆ ತಟ್ಟಿದಳು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. "ಅಮ್ಮಂಗೆ ಹೇಳಿ, ತಗೊಂಡೆ ಅಂತ."

ಶಾಪಕ್ಕೆ ಈ ಹುಡುಗಿ ಯಾಕೆ ವಂದಿಸುತ್ತಾಳೆಂದು ಮುದುಕಿಗೆ ಅರ್ಥವಾಗಲಿಲ್ಲ. ಮಗನ ಮುಖ ನೋಡಿದಳು. ಅವನಿಗೂ ಅರ್ಥವಾಗಲಿಲ್ಲ. ಇಬ್ಬರೂ ಮೆಟ್ಟಿಲಿಳಿದು ಬಸ್ ನಿಲ್ದಾಣದ ಕಡೆ ಹೋದರು.